ಮೊದಲ ನಿಮಿಷದ ಪರೀಕ್ಷಕಿ : ಡಾ. ವರ್ಜೀನಿಯಾ ಅಪ್ಗಾರ್



ನಿಮ್ಮ ಮನೆಯಲ್ಲಿ ಇತ್ತೀಚೆಗೆ ಮಗು ಹುಟ್ಟಿದ್ದರೆ ಆಸ್ಪತ್ರೆಯವರು ಕೊಟ್ಟ ಡಿಸ್ಚಾರ್ಜ್ ಚೀಟಿಯನ್ನು ಒಮ್ಮೆ ತೆಗೆದು ನೋಡಿ. ಮಗುವಿನ ತೂಕ, ಹುಟ್ಟಿದ ವೇಳೆ, ಹೆಣ್ಣೋ ಗಂಡೋ ಎಂಬ ವಿವರಗಳ ಪಕ್ಕದಲ್ಲಿ ಅಪ್ಗಾರ್ ಎಂಬ ಒಂದು ಪದವೂ ಅದರ ಮುಂದೆ 8, 9 ಎಂಬಂತಹ ಎರಡು ಅಂಕಿಗಳೂ ಸಾಮಾನ್ಯವಾಗಿ ಇರುತ್ತವೆ. ಎಷ್ಟೋ ಮನೆಗಳಲ್ಲಿ ಅದನ್ನು ಯಾವುದೋ ಔಷಧಿಯ ಹೆಸರೆಂದು ತಿಳಿದು ಸುಮ್ಮನಾಗುತ್ತಾರೆ. ವಾಸ್ತವವಾಗಿ ಅದು ಒಬ್ಬ ಮಹಿಳೆಯ ಮನೆತನದ ಹೆಸರು. ಬೇಲೂರಿನ ಆಸ್ಪತ್ರೆಯಾಗಲಿ, ಹಾಸನದ ಆಸ್ಪತ್ರೆಯಾಗಲಿ, ಕರಾಚಿ, ಕೈರೋ, ನ್ಯೂಯಾರ್ಕ್ ಎಲ್ಲೇ ಆಗಲಿ, ಹೆರಿಗೆ ಕೊಠಡಿಯಲ್ಲಿ ದಿನವೂ ಉಚ್ಚರಿಸಲ್ಪಡುವ ಹೆಸರು.

ಮಗು ಹುಟ್ಟುವ ವೇಳೆಯಲ್ಲಿ ಹೊರಗೆ ಕುಳಿತ ನಮ್ಮೆಲ್ಲರ ಕಿವಿಯೂ ಅದರ ಅಳುವಿನ ಮೇಲೆಯೇ ಇರುತ್ತದೆ. ಬಲಗಿವಿಯಲ್ಲಿ ಅಜಾನ್ ಹೇಳಲು ಅಜ್ಜನೋ ತಂದೆಯೋ ಬಾಗಿಲ ಬಳಿ ಕಾದು ನಿಂತಿರುತ್ತಾರೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತರುವಷ್ಟರಲ್ಲಿ ಒಳಗೆ ಅದರ ಬದುಕಿನ ಮೊದಲ ಪರೀಕ್ಷೆ ಮುಗಿದು ಅಂಕವೂ ಬಿದ್ದಿರುತ್ತದೆ. ಆ ಪರೀಕ್ಷೆಯನ್ನು ರೂಪಿಸಿದವರ ಜೀವನವನ್ನು, ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳು ಓದಲಿ ಎಂಬ ಆಸೆಯಿಂದ, ಇಲ್ಲಿ ಬರೆಯುತ್ತಿದ್ದೇನೆ.

ವರ್ಜೀನಿಯಾ ಅಪ್ಗಾರ್ ಅವರು 1909ರ ಜೂನ್ 7ರಂದು ಅಮೆರಿಕಾದ ನ್ಯೂಜೆರ್ಸಿ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ ಜನಿಸಿದರು. ಮೂವರು ಮಕ್ಕಳಲ್ಲಿ ಇವರೇ ಕಿರಿಯರು. ತಂದೆ ಚಾರ್ಲ್ಸ್ ಅಪ್ಗಾರ್ ವಿಮಾ ಕಂಪನಿಯ ಕೆಲಸದಲ್ಲಿದ್ದರು. ಆದರೆ ಮನಸ್ಸೆಲ್ಲ ಮನೆಯಲ್ಲಿ ತಾವೇ ಮಾಡಿಕೊಂಡಿದ್ದ ನಿಸ್ತಂತು ಯಂತ್ರದ ಮೇಲೆ, ಆಕಾಶ ನೋಡುವ ದೂರದರ್ಶಕದ ಮೇಲೆ. ಮೊದಲ ಮಹಾಯುದ್ಧ ನಡೆಯುತ್ತಿದ್ದ 1915ರಲ್ಲಿ ಸೇವಿಲ್ ಎಂಬಲ್ಲಿದ್ದ ಜರ್ಮನ್ ಸ್ವಾಮ್ಯದ ನಿಸ್ತಂತು ಕೇಂದ್ರದಿಂದ ರಾತ್ರಿ ಹೊತ್ತು ಹೋಗುತ್ತಿದ್ದ ಸಂಕೇತಗಳನ್ನು ಅವರು ಮೇಣದ ಸುರುಳಿಗಳ ಮೇಲೆ ದಾಖಲಿಸಿ ಸರ್ಕಾರಕ್ಕೆ ಒಪ್ಪಿಸಿದರು. ವ್ಯಾಪಾರದ ಸಂದೇಶಗಳ ಸೋಗಿನಲ್ಲಿ ಗುಪ್ತ ಸುದ್ದಿ ರವಾನೆಯಾಗುತ್ತಿದ್ದುದು ಹೊರಬಿತ್ತು. ಅದೇ ವರ್ಷ ಸರ್ಕಾರ ಆ ಕೇಂದ್ರವನ್ನು ವಶಕ್ಕೆ ತೆಗೆದುಕೊಂಡಿತು. ಆರು ವರ್ಷದ ಮಗಳು ಇದನ್ನೆಲ್ಲ ನೋಡುತ್ತಾ ಬೆಳೆದಳು. ಗಾಳಿಯಲ್ಲಿ ಬರುವ ಸಂಕೇತವನ್ನು ಹಿಡಿಯುವ ವಿದ್ಯೆ ಮುಂದೊಂದು ದಿನ ಎಳೆಗೂಸುಗಳ ತೊಟ್ಟಿಲಿಗೂ ಬರಲಿತ್ತು. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಆ ಮನೆಯಲ್ಲಿ ಸಂಗೀತವಿತ್ತು, ಕಾಯಿಲೆಯೂ ಇತ್ತು. ಅಣ್ಣಂದಿರಲ್ಲಿ ಒಬ್ಬರು ಚಿಕ್ಕ ವಯಸ್ಸಿನಲ್ಲೇ ಕ್ಷಯರೋಗಕ್ಕೆ ತುತ್ತಾದರು. ಇನ್ನೊಬ್ಬರು ಸದಾ ಕಾಯಿಲೆ ಬೀಳುತ್ತಿದ್ದರು. ಶಾಲೆಯ ದಿನಗಳಲ್ಲಿಯೇ ವರ್ಜೀನಿಯಾ ವೈದ್ಯೆಯಾಗಬೇಕೆಂದು ನಿಶ್ಚಯಿಸಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಮನೆಯಲ್ಲಿ ಹಣವಿರಲಿಲ್ಲ. ಮೌಂಟ್ ಹೋಲ್ಯೋಕ್ ಮಹಿಳಾ ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಜೊತೆಗೆ ಸಣ್ಣಪುಟ್ಟ ಕೆಲಸಗಳನ್ನು ಮಾಡಿಕೊಂಡು ಪ್ರಾಣಿಶಾಸ್ತ್ರ ಓದಿದರು. ಆ ಕೆಲಸಗಳಲ್ಲಿ ಒಂದು ಪ್ರಯೋಗಶಾಲೆಗೆ ಬೀದಿಬೆಕ್ಕುಗಳನ್ನು ಹಿಡಿದು ತರುವುದು! ಇದರ ನಡುವೆಯೇ ಪಿಟೀಲು ನುಡಿಸುವುದು, ಆಟೋಟ, ಕಾಲೇಜು ಪತ್ರಿಕೆಗೆ ಬರೆಯುವುದು ಎಲ್ಲವೂ ನಡೆಯಿತು. 1929ರಲ್ಲಿ ಪದವಿ ಪಡೆದು ಅದೇ ವರ್ಷ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ಸೇರಿದರು. ಸೇರಿ ಕೆಲವೇ ವಾರಗಳಲ್ಲಿ ಅಮೆರಿಕಾದ ಷೇರುಪೇಟೆ ಕುಸಿದು ದೇಶವೇ ದಿವಾಳಿಯ ಅಂಚಿಗೆ ಬಂತು. ಸಾಲ ಮಾಡಿ ಓದಿದರು. 1933ರಲ್ಲಿ ತರಗತಿಗೆ ನಾಲ್ಕನೆಯವರಾಗಿ ತೇರ್ಗಡೆಯಾದಾಗ ತಲೆಯ ಮೇಲೆ ಸುಮಾರು 4,000 ಡಾಲರ್ ಸಾಲವಿತ್ತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

ಓದುಗರೇ, ಇನ್ನು ಮುಂದಿನ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ವರ್ಜೀನಿಯಾ ಅವರ ಆಸೆ ಶಸ್ತ್ರಚಿಕಿತ್ಸಕಿಯಾಗಬೇಕೆಂಬುದು. ಪ್ರೆಸ್ಬಿಟೇರಿಯನ್ ಆಸ್ಪತ್ರೆಯಲ್ಲಿ ಆ ವಿಭಾಗದಲ್ಲಿಯೇ ತರಬೇತಿಗೆ ಸ್ಥಾನವೂ ಸಿಕ್ಕಿತು. ಕೈ ಚುರುಕು, ಬುದ್ಧಿ ಚುರುಕು. ಆದರೆ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ಅಲೆನ್ ವಿಪಲ್ ಅವರು ಈ ದಾರಿ ಬೇಡವೆಂದು ತಿಳಿಹೇಳಿದರು. ತಾವು ತರಬೇತಿ ಕೊಟ್ಟ ಬೇರೆ ಮಹಿಳಾ ಸರ್ಜನ್‌ಗಳು ಹೊರಗೆ ಹೋಗಿ ರೋಗಿಗಳಿಲ್ಲದೆ ಕಷ್ಟಪಡುತ್ತಿದ್ದುದನ್ನು ಅವರು ಕಂಡಿದ್ದರು. ಆರ್ಥಿಕ ಮುಗ್ಗಟ್ಟಿನ ದಿನಗಳು ಬೇರೆ. ಅದರ ಬದಲು ಅರಿವಳಿಕೆಯ ಕಡೆಗೆ ಹೋಗುವಂತೆ ಸೂಚಿಸಿದರು. ನಮ್ಮ ಜನ ಮತ್ತು ಬರಿಸುವ ಡಾಕ್ಟರ್ ಎನ್ನುತ್ತಾರಲ್ಲ, ಆ ವಿಭಾಗ. ಆಗ ಅದು ವೈದ್ಯರ ಕೆಲಸವೆಂದೇ ಅಷ್ಟಾಗಿ ಪರಿಗಣಿತವಾಗಿರಲಿಲ್ಲ. ಹೆಚ್ಚಾಗಿ ದಾದಿಯರೇ ಅದನ್ನು ಮಾಡುತ್ತಿದ್ದರು.

ವಿಪಲ್ ಅವರು ಕೆಟ್ಟ ಮನಸ್ಸಿನಿಂದ ಹೇಳಿದರೆಂದು ನಾನು ಭಾವಿಸುವುದಿಲ್ಲ. ಉತ್ತಮ ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆ ಮುಂದುವರಿಯದು ಎಂಬುದು ಅವರಿಗೆ ಗೊತ್ತಿತ್ತು. ಆ ಹೊಸ ಶಾಸ್ತ್ರಕ್ಕೆ ಬುದ್ಧಿವಂತರು ಬೇಕಿತ್ತು. ಆದರೂ ಒಂದು ಮಾತು ಹೇಳಲೇಬೇಕು. ನಾಲ್ಕನೆಯ ಸ್ಥಾನ ಪಡೆದವರು ಗಂಡಸಾಗಿದ್ದರೆ ಈ ಉಪದೇಶ ಬರುತ್ತಿರಲಿಲ್ಲ. ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿಗೆ ಹಿತೈಷಿಗಳೇ ಬಂದು ಅದು ಬೇಡ, ಇದು ಸಾಕು ಎನ್ನುವುದನ್ನು ನಾವು ನಮ್ಮ ಊರುಗಳಲ್ಲಿಯೂ ನೋಡಿದ್ದೇವೆ. ಹಿತೈಷಿಗಳ ಮಾತನ್ನು ಮೀರುವುದು ವೈರಿಗಳ ಮಾತನ್ನು ಮೀರುವುದಕ್ಕಿಂತ ಕಷ್ಟ.

ವರ್ಜೀನಿಯಾ ಒಪ್ಪಿಕೊಂಡರು. ಒಪ್ಪಿದ ಮೇಲೆ ಅರ್ಧ ಮನಸ್ಸಿನಿಂದ ಮಾಡಲಿಲ್ಲ. ಮೊದಲು ತಮ್ಮ ಆಸ್ಪತ್ರೆಯ ದಾದಿಯರ ಕೈಕೆಳಗೆ ಕಲಿತರು. 1937ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ಗೆ ಹೋಗಿ ಆ ಕಾಲದ ಹೆಸರಾಂತ ಅರಿವಳಿಕೆ ತಜ್ಞ ಡಾ. ರಾಲ್ಫ್ ವಾಟರ್ಸ್ ಅವರ ಬಳಿ ಆರು ತಿಂಗಳು, ನಂತರ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಡಾ. ರೊವೆನ್‌ಸ್ಟೈನ್ ಅವರ ಬಳಿ ಆರು ತಿಂಗಳು ತರಬೇತಿ ಪಡೆದರು. ಮ್ಯಾಡಿಸನ್‌ನಲ್ಲಿ ಮಹಿಳಾ ವೈದ್ಯರಿಗೆ ವಸತಿಯ ಏರ್ಪಾಡೇ ಇಲ್ಲದೆ ಕೋಣೆಯಿಂದ ಕೋಣೆಗೆ ಗಂಟುಮೂಟೆ ಹೊತ್ತು ಅಲೆದರು. 1938ರಲ್ಲಿ ಪ್ರೆಸ್ಬಿಟೇರಿಯನ್ ಆಸ್ಪತ್ರೆಗೆ ಹಿಂತಿರುಗಿ ಅರಿವಳಿಕೆ ಶಾಖೆಯ ಮುಖ್ಯಸ್ಥೆಯಾದರು. ಹನ್ನೊಂದು ವರ್ಷ ಆ ಶಾಖೆಯನ್ನು ಕಟ್ಟಿ ಬೆಳೆಸಿದರು. ವಿದ್ಯಾರ್ಥಿಗಳಿಗೆ ಪಾಠ, ಯುದ್ಧಕಾಲದಲ್ಲಿ ವೈದ್ಯರ ಕೊರತೆ, ಮುಗಿಯದ ಶಸ್ತ್ರಚಿಕಿತ್ಸೆಗಳು ಎಲ್ಲವನ್ನೂ ನಿಭಾಯಿಸಿದರು. 1949ರಲ್ಲಿ ಅದು ಸ್ವತಂತ್ರ ವಿಭಾಗವಾದಾಗ ಮುಖ್ಯಸ್ಥರ ಹುದ್ದೆ ಇನ್ನೊಬ್ಬ ಪುರುಷ ವೈದ್ಯರಿಗೆ ಹೋಯಿತು. ವರ್ಜೀನಿಯಾ ಅವರಿಗೆ ಪೂರ್ಣ ಪ್ರಾಧ್ಯಾಪಕರ ಸ್ಥಾನ ದೊರೆಯಿತು. ಆ ಕಾಲೇಜಿನಲ್ಲಿ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರೇ.

ಆಡಳಿತದ ಹೊರೆ ಇಳಿದದ್ದರಿಂದ ಅವರು ಅದೇ ಸಂಕೀರ್ಣದಲ್ಲಿದ್ದ ಸ್ಲೋನ್ ಮಹಿಳಾ ಆಸ್ಪತ್ರೆಯ ಹೆರಿಗೆ ಕೊಠಡಿಗೆ ಹೋಗಿ ನಿಂತರು. ಅಲ್ಲಿಂದ ಅವರ ನಿಜವಾದ ಕಥೆ ಆರಂಭವಾಗುತ್ತದೆ.

ಅಲ್ಲಿ ಅವರು ಕಂಡದ್ದೇನು? ಹೆರಿಗೆಯಾದ ಕೂಡಲೇ ವೈದ್ಯರ ಗಮನವೆಲ್ಲ ತಾಯಿಯ ಮೇಲಿರುತ್ತಿತ್ತು. ಅದು ಸಹಜವೇ. ಮಗುವನ್ನು ಪಕ್ಕಕ್ಕೆ ಒಯ್ದು ಇಡುತ್ತಿದ್ದರು. ಜೋರಾಗಿ ಅತ್ತರೆ ಸಂತೋಷ. ಅಳದೆ, ನೀಲಿಯಾಗಿ, ಮೆತ್ತಗೆ ಬಿದ್ದಿದ್ದರೆ ಕೆಲವರು ಬೆನ್ನು ತಟ್ಟುತ್ತಿದ್ದರು, ಕೆಲವರು ಸ್ವಲ್ಪ ಕಾಯೋಣ ಎನ್ನುತ್ತಿದ್ದರು, ಇನ್ನು ಕೆಲವರು ಇದು ಉಳಿಯುವ ಮಗುವಲ್ಲವೆಂದು ಬಿಟ್ಟುಬಿಡುತ್ತಿದ್ದರು. ಯಾವ ಮಗುವಿಗೆ ಎಷ್ಟು ಹೊತ್ತಿನೊಳಗೆ ಏನು ಮಾಡಬೇಕೆಂಬುದಕ್ಕೆ ಒಂದು ಕ್ರಮವಿರಲಿಲ್ಲ. ಆ ದಶಕಗಳಲ್ಲಿ ಅಮೆರಿಕಾದಲ್ಲಿ ಶಿಶುಮರಣ ಒಟ್ಟಾರೆ ಇಳಿಯುತ್ತಿತ್ತು, ಆದರೆ ಹುಟ್ಟಿದ ಮೊದಲ ದಿನದ ಸಾವುಗಳು ಮಾತ್ರ ಹೆಚ್ಚೇನೂ ಕಡಿಮೆಯಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಿಂಡಿ ತಿನ್ನುತ್ತಿದ್ದಾಗ ವಿದ್ಯಾರ್ಥಿಯೊಬ್ಬರು ಹುಟ್ಟಿದ ಮಗುವಿನ ಸ್ಥಿತಿಯನ್ನು ಅಳೆಯುವುದು ಹೇಗೆಂದು ಕೇಳಿದರಂತೆ. ಅದು ಸುಲಭವೆಂದು ಹೇಳಿ ವರ್ಜೀನಿಯಾ ಕೈಗೆ ಸಿಕ್ಕಿದ ಒಂದು ಕಾಗದದ ಮೇಲೆ ಐದು ಅಂಶಗಳನ್ನು ಬರೆದುಕೊಟ್ಟರು, ನಂತರ ಅದನ್ನು ಪ್ರಯೋಗಿಸಿ ನೋಡಲು ತಾವೇ ಹೆರಿಗೆ ಕೊಠಡಿಗೆ ಧಾವಿಸಿದರು ಎಂದು ಅವರ ಶಿಷ್ಯವರ್ಗ ಹೇಳಿಕೊಂಡು ಬಂದಿದೆ. 1952ರಲ್ಲಿ ವೈದ್ಯರ ಸಮ್ಮೇಳನವೊಂದರಲ್ಲಿ ಇದನ್ನು ಮಂಡಿಸಿದರು. 1953ರಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳ ಅಂಕಗಳೊಂದಿಗೆ ಲೇಖನ ಪ್ರಕಟವಾಯಿತು.

ಆ ಐದು ಅಂಶಗಳು ಯಾವುವು? ಹೃದಯದ ಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಕೆಣಕಿದಾಗ ತೋರುವ ಪ್ರತಿಕ್ರಿಯೆ, ಮೈಬಣ್ಣ. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಹೃದಯ ಬಡಿಯದಿದ್ದರೆ ಸೊನ್ನೆ, ನಿಮಿಷಕ್ಕೆ 100ಕ್ಕಿಂತ ಕಡಿಮೆಯಿದ್ದರೆ ಒಂದು, ಹೆಚ್ಚಿದ್ದರೆ ಎರಡು. ಉಸಿರೇ ಇಲ್ಲದಿದ್ದರೆ ಸೊನ್ನೆ, ಏದುತ್ತಾ ನಿಂತು ನಿಂತು ಬಂದರೆ ಒಂದು, ಚೆನ್ನಾಗಿ ಅತ್ತರೆ ಎರಡು. ಕೈಕಾಲು ಒದ್ದೆ ಬಟ್ಟೆಯಂತೆ ಜೋತುಬಿದ್ದರೆ ಸೊನ್ನೆ, ಸ್ವಲ್ಪ ಮಡಚಿದ್ದರೆ ಒಂದು, ಒದೆಯುತ್ತಿದ್ದರೆ ಎರಡು. ಮೂಗಿಗೆ ನಳಿಕೆ ತಾಗಿಸಿದಾಗ ಏನೂ ಮಾಡದಿದ್ದರೆ ಸೊನ್ನೆ, ಮುಖ ಸಿಂಡರಿಸಿದರೆ ಒಂದು, ಕೆಮ್ಮಿದರೆ, ಸೀನಿದರೆ ಎರಡು. ಮೈಯೆಲ್ಲ ನೀಲಿ ಅಥವಾ ಬಿಳಿಚಿದ್ದರೆ ಸೊನ್ನೆ, ಮೈ ಕೆಂಪಾಗಿ ಅಂಗೈ ಅಂಗಾಲು ಮಾತ್ರ ನೀಲಿಯಿದ್ದರೆ ಒಂದು, ಪೂರ್ತಿ ಕೆಂಪಾಗಿದ್ದರೆ ಎರಡು. ಒಟ್ಟು ಹತ್ತು. ಏಳು ಮತ್ತು ಅದಕ್ಕಿಂತ ಹೆಚ್ಚು ಬಂದರೆ ಚಿಂತೆಯಿಲ್ಲ. ನಾಲ್ಕರಿಂದ ಆರು ಬಂದರೆ ಮಗುವಿಗೆ ನೆರವು ಬೇಕು. ಮೂರು ಅಥವಾ ಅದಕ್ಕಿಂತ ಕಡಿಮೆಯಾದರೆ ತುರ್ತು ಸ್ಥಿತಿ.

ಇದರಲ್ಲಿ ಯಾವ ಯಂತ್ರವೂ ಇಲ್ಲ ಎಂಬುದನ್ನು ಗಮನಿಸಿ. ಕಣ್ಣು, ಕಿವಿ, ಬೆರಳು ಮತ್ತು ಒಂದು ಗಡಿಯಾರ ಇಷ್ಟೇ ಸಾಕು. ಗಡಿಯಾರವೇ ಇಲ್ಲಿ ಮುಖ್ಯ. ಹುಟ್ಟಿ ಸರಿಯಾಗಿ ಒಂದು ನಿಮಿಷಕ್ಕೆ ನೋಡಬೇಕು ಎಂದು ಅವರು ಕಟ್ಟುಮಾಡಿದರು. ಐದನೆಯ ನಿಮಿಷದ ಅಂಕ ನಂತರ ಸೇರಿಕೊಂಡಿತು. ಮಗು ಚೇತರಿಸಿಕೊಳ್ಳುತ್ತಿದೆಯೇ ಇಲ್ಲವೇ ಎಂಬುದು ಅದರಿಂದ ತಿಳಿಯುತ್ತದೆ. ಇನ್ನೊಂದು ನಿಯಮವನ್ನೂ ಅವರು ಬಯಸಿದರು. ಹೆರಿಗೆ ಮಾಡಿಸಿದವರೇ ಅಂಕ ಹಾಕಬಾರದು, ಬೇರೊಬ್ಬರು ಹಾಕಬೇಕು. ತಾವು ಹೆರಿಗೆ ಮಾಡಿಸಿದ ಮಗುವಿಗೆ ಯಾರಾದರೂ ಕೈಬಿಟ್ಟು ಅಂಕ ಕೊಡುವುದು ಸ್ವಾಭಾವಿಕ. ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಗಳನ್ನು ಪಾಠ ಮಾಡಿದ ಶಿಕ್ಷಕರಿಗೇ ತಿದ್ದಲು ಏಕೆ ಕೊಡುವುದಿಲ್ಲ ಎಂದು ಕೇಳುವ ವಿದ್ಯಾರ್ಥಿಗಳಿಗೆ ಉತ್ತರ ಇಲ್ಲಿಯೂ ಇದೆ.

ಕೆಲವರು ಕೇಳಬಹುದು, ನಮ್ಮ ಸೂಲಗಿತ್ತಿಯರಿಗೆ, ದಾಯಿಯರಿಗೆ ಇದೆಲ್ಲ ಗೊತ್ತಿರಲಿಲ್ಲವೇ ಎಂದು. ಖಂಡಿತ ಗೊತ್ತಿತ್ತು. ತುಮಕೂರು ಜಿಲ್ಲೆ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಶಾಲೆಗೆ ಹೋದವರಲ್ಲ, ಆದರೂ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಇಂತಹ ತಾಯಂದಿರು ಮಗುವಿನ ಬಣ್ಣ, ಅಳು, ಕೈಕಾಲಿನ ಬಿಗಿ ಎಲ್ಲವನ್ನೂ ಒಂದೇ ನೋಟದಲ್ಲಿ ಅಳೆಯುತ್ತಿದ್ದರು. ಆದರೆ ಆ ನೋಟ ಅವರ ಕಣ್ಣಿನಲ್ಲೇ ಇರುತ್ತಿತ್ತು. ಒಬ್ಬರು ಕಂಡದ್ದನ್ನು ಇನ್ನೊಂದು ಊರಿನವರು ಹೋಲಿಸಿ ನೋಡಲು ಆಗುತ್ತಿರಲಿಲ್ಲ. ವರ್ಜೀನಿಯಾ ಆ ನೋಟವನ್ನು ಅಂಕಿಯಾಗಿ ಮಾಡಿ ಕಾಗದಕ್ಕಿಳಿಸಿದರು. ನಿನ್ನೆ ಕೆಲಸಕ್ಕೆ ಸೇರಿದ ನರ್ಸ್ ಕೂಡ ಅದನ್ನು ಹಾಕಬಹುದು. ಮುಖ್ಯವಾಗಿ, ಅಂಕ ಹಾಕಬೇಕೆಂದರೆ ಮಗುವನ್ನು ನೋಡಲೇಬೇಕು. ಆ ಒಂದು ನಿಮಿಷದಲ್ಲಿ ಮಗುವನ್ನು ನೋಡುವುದು ಯಾರೋ ಒಬ್ಬರ ಕರ್ತವ್ಯವಾಯಿತು. ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೊಡುಗೆ ಇದೇ.

ಅಂಕಿ ಕೈಗೆ ಬಂದ ಮೇಲೆ ಲೆಕ್ಕ ಸಾಧ್ಯವಾಯಿತು. ಡಾ. ಡಂಕನ್ ಹಾಲಡೇ, ಡಾ. ಸ್ಟ್ಯಾನ್ಲಿ ಜೇಮ್ಸ್ ಎಂಬ ಸಹೋದ್ಯೋಗಿಗಳ ಜೊತೆ ಸೇರಿ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿದರು. ಅಂಕ ಕಡಿಮೆ ಬಂದ ಮಕ್ಕಳ ರಕ್ತದಲ್ಲಿ ಆಮ್ಲಜನಕ ಕಡಿಮೆ, ಆಮ್ಲತೆ ಹೆಚ್ಚು ಇರುವುದು ಕಂಡುಬಂತು. ಅಂದರೆ ಅಂತಹ ಮಗು ತಾನಾಗಿ ಸರಿಹೋಗುತ್ತದೆಂದು ಕಾಯುವುದು ತಪ್ಪು, ಕೂಡಲೇ ಉಸಿರು ಕೊಡಬೇಕು. ಇದೇ ಸಂಶೋಧನೆಯಲ್ಲಿ ತಾಯಿಗೆ ಸೈಕ್ಲೋಪ್ರೊಪೇನ್ ಎಂಬ ಅನಿಲವನ್ನು ಮತ್ತಿಗೆಂದು ಕೊಟ್ಟಾಗ ಮಗು ಮಂಕಾಗಿ ಹುಟ್ಟುತ್ತದೆಂಬುದೂ ತಿಳಿಯಿತು. ಅದು ವರ್ಜೀನಿಯಾ ಅವರಿಗೆ ಬಹಳ ಇಷ್ಟದ ಅನಿಲ. ಫಲಿತಾಂಶ ಕಂಡ ಮೇಲೆ ಹೆರಿಗೆಯಲ್ಲಿ ಅದನ್ನು ಬಳಸುವುದನ್ನು ಕೈಬಿಟ್ಟರು. ಮುಂದೆ ಅಮೆರಿಕಾದ 12 ಸಂಸ್ಥೆಗಳು ಸೇರಿ 17,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದಾಗ ಐದನೆಯ ನಿಮಿಷದ ಅಂಕಕ್ಕೂ ಮಗು ಬದುಕುಳಿಯುವುದಕ್ಕೂ ಇರುವ ಸಂಬಂಧ ದೃಢಪಟ್ಟಿತು.

ಒಂದು ತಮಾಷೆಯ ಸಂಗತಿಯಿದೆ. 1960ರ ದಶಕದ ಆರಂಭದಲ್ಲಿ ಡೆನ್ವರ್‌ನ ಡಾ. ಜೋಸೆಫ್ ಬಟರ್‌ಫೀಲ್ಡ್ ಎಂಬ ಮಕ್ಕಳ ವೈದ್ಯರು ವಿದ್ಯಾರ್ಥಿಗಳಿಗೆ ನೆನಪಿರಲೆಂದು ಅಪ್ಗಾರ್ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳಿಗೆ ಅಪಿಯರೆನ್ಸ್, ಪಲ್ಸ್, ಗ್ರಿಮೇಸ್, ಆಕ್ಟಿವಿಟಿ, ರೆಸ್ಪಿರೇಶನ್ ಎಂದು ಐದು ಪದಗಳನ್ನು ಹೊಂದಿಸಿದರು. ಎಷ್ಟು ಚೆನ್ನಾಗಿ ಹೊಂದಿತೆಂದರೆ ಅದು ಒಬ್ಬ ವ್ಯಕ್ತಿಯ ಹೆಸರೆಂಬುದನ್ನೇ ಅನೇಕರು ಮರೆತರು. ನರ್ಸಿಂಗ್ ಓದುತ್ತಿರುವ ನಮ್ಮ ಹೆಣ್ಣುಮಕ್ಕಳೂ ಪದಗಳನ್ನು ಬಾಯಿಪಾಠ ಮಾಡಿರುತ್ತಾರೆ, ಹೆಸರಿನ ಹಿಂದಿನ ಮನುಷ್ಯರನ್ನು ಅರಿಯರು.

ಐವತ್ತರ ಹೊಸ್ತಿಲಲ್ಲಿ ಅವರು ಮತ್ತೆ ವಿದ್ಯಾರ್ಥಿನಿಯಾದರು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1959ರಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಪಡೆದು, ಅದೇ ವರ್ಷ ಮಾರ್ಚ್ ಆಫ್ ಡೈಮ್ಸ್ ಎಂದು ಹೆಸರಾದ ಸೇವಾಸಂಸ್ಥೆಯಲ್ಲಿ ಹುಟ್ಟುದೋಷಗಳ ವಿಭಾಗದ ಹೊಣೆ ಹೊತ್ತರು. ಊರೂರು ತಿರುಗಿ ಉಪನ್ಯಾಸ ನೀಡಿದರು, ನಿಧಿ ಸಂಗ್ರಹಿಸಿದರು. ಅಂಗವಿಕಲ ಮಗು ಹುಟ್ಟಿದರೆ ನಾಚಿ ಬಚ್ಚಿಡುವ ರೂಢಿ ಆಗ ಅಲ್ಲಿಯೂ ಇತ್ತು. ಅದರ ಬಗ್ಗೆ ಬಾಯಿಬಿಟ್ಟು ಮಾತನಾಡುವಂತೆ ಮಾಡಿದವರಲ್ಲಿ ಇವರೂ ಒಬ್ಬರು. 1964-65ರಲ್ಲಿ ರುಬೆಲ್ಲಾ ಸೋಂಕು ಅಮೆರಿಕಾದಲ್ಲಿ ಹರಡಿ, ಗರ್ಭಿಣಿಯರಿಗೆ ತಗುಲಿ ಸಾವಿರಾರು ಮಕ್ಕಳು ಕಿವುಡು, ಕುರುಡು, ಹೃದಯದೋಷಗಳೊಂದಿಗೆ ಹುಟ್ಟಿದಾಗ ಎಲ್ಲರಿಗೂ ಲಸಿಕೆ ಬೇಕೆಂದು ಒತ್ತಾಯಿಸಿದರು. 2017ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿದ್ದು ನಿಮಗೆ ನೆನಪಿರಬಹುದು. ಮೊಬೈಲಿನಲ್ಲಿ ಬಂದ ಸುಳ್ಳು ಸುದ್ದಿ ನಂಬಿ ಆ ದಿನ ಮಕ್ಕಳನ್ನು ಶಾಲೆಗೆ ಕಳಿಸದವರೂ ಇದ್ದರು. ಆ ಲಸಿಕೆ ಹುಡುಗಿಗಷ್ಟೇ ಅಲ್ಲ, ಅವಳಿಗೆ ಮುಂದೆ ಹುಟ್ಟುವ ಮಗುವಿಗೂ ರಕ್ಷಣೆ ಎಂಬುದನ್ನು ಅಂದು ಯಾರಾದರೂ ಮನೆಮನೆಗೆ ಹೋಗಿ ಹೇಳಿದ್ದರೆ ಚೆನ್ನಾಗಿತ್ತು.

ಅವರು ಮದುವೆಯಾಗಲಿಲ್ಲ. ದಾರಿಯಲ್ಲಿ ಯಾರಾದರೂ ಉಸಿರುಗಟ್ಟಿ ಬಿದ್ದರೆ ಬೇಕಾದೀತೆಂದು ಕೈಚೀಲದಲ್ಲಿ ಚಾಕು ಮತ್ತು ಉಸಿರುನಳಿಕೆ ಇಟ್ಟುಕೊಂಡೇ ಓಡಾಡುತ್ತಿದ್ದರು. ಬಿಡುವಿನಲ್ಲಿ ಪಿಟೀಲು ಮುಂತಾದ ವಾದ್ಯಗಳನ್ನು ತಮ್ಮ ಕೈಯಾರೆ ತಯಾರಿಸುತ್ತಿದ್ದರು. ಆಸ್ಪತ್ರೆಯ ಟೆಲಿಫೋನ್ ಕೋಣೆಯ ಹಲಗೆಯೊಂದು ವಾದ್ಯಕ್ಕೆ ಹೇಳಿಮಾಡಿಸಿದ ಮರವೆಂದು ಕಂಡು, ಕೇಳಿದರೆ ಕೊಡಲಿಲ್ಲವಾಗಿ, ಗೆಳತಿಯೊಡನೆ ರಾತ್ರಿ ಹೋಗಿ ಅದನ್ನು ಬಿಚ್ಚಿ ಅದರಂತೆಯೇ ಇರುವ ಬೇರೆ ಹಲಗೆ ಕೂರಿಸಿ ಬಂದರಂತೆ! ವಿದ್ಯಾರ್ಥಿಗಳು ಇದೊಂದನ್ನು ಅನುಸರಿಸಬೇಕಾಗಿಲ್ಲ. ಐವತ್ತು ದಾಟಿದ ಮೇಲೆ ವಿಮಾನ ಹಾರಿಸುವುದನ್ನೂ ಕಲಿಯತೊಡಗಿದರು. 1974ರ ಆಗಸ್ಟ್ 7ರಂದು, ತಾವು ಕಲಿತು ದುಡಿದ ಆಸ್ಪತ್ರೆಯಲ್ಲಿಯೇ, 65ನೆಯ ವಯಸ್ಸಿನಲ್ಲಿ ನಿಧನರಾದರು. 1994ರಲ್ಲಿ ಅಮೆರಿಕಾ ಸರ್ಕಾರ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು.

ಅಂಕಗಳ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಅಂಕವೆಂದರೆ ಹೋಲಿಕೆ ಶುರುವಾಗುತ್ತದೆ. ನಿಮ್ಮ ಮಗುವಿಗೆ ಎಂಟು, ನಾದಿನಿಯ ಮಗುವಿಗೆ ಒಂಬತ್ತು ಎಂದು ಯಾರೂ ಕೊರಗಬೇಕಾಗಿಲ್ಲ. ಹುಟ್ಟಿದ ಕೂಡಲೇ ಅಂಗೈ ಅಂಗಾಲು ನೀಲಿಯಿರುವುದು ಸಾಮಾನ್ಯ, ಆದ್ದರಿಂದ ಮೊದಲ ನಿಮಿಷದಲ್ಲಿ ಹತ್ತಕ್ಕೆ ಹತ್ತು ಬರುವುದೇ ಅಪರೂಪ. ಈ ಅಂಕ ಮಗುವಿನ ಮುಂದಿನ ಬುದ್ಧಿವಂತಿಕೆಯನ್ನು ಹೇಳುವುದಿಲ್ಲ. ಉಸಿರಾಡದ ಮಗುವಿಗೆ ಚಿಕಿತ್ಸೆ ಮಾಡಲು ಒಂದು ನಿಮಿಷ ಮುಗಿಯಲೆಂದು ಯಾರೂ ಕಾಯುವುದೂ ಇಲ್ಲ. ಮೊದಲ ಕ್ಷಣದಿಂದಲೇ ಒರೆಸಿ, ಬೆಚ್ಚಗಿಟ್ಟು, ಬೇಕಾದರೆ ಮುಖವಾಡ ಮತ್ತು ಚೀಲದಿಂದ ಗಾಳಿ ಕೊಡುತ್ತಾರೆ. ಭಾರತದಲ್ಲಿ 2009ರಿಂದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದಡಿ ನರ್ಸ್‌ಗಳಿಗೆ ಇದರ ತರಬೇತಿ ಆರಂಭವಾಯಿತು. ಮೈಬಣ್ಣದ ವಿಷಯದಲ್ಲೂ ಒಂದು ಕೊರತೆಯಿದೆ. ಕೆಂಪು, ನೀಲಿ ಎಂಬ ಮಾತು ಬಿಳಿಯ ಮಕ್ಕಳನ್ನು ನೋಡಿ ಬರೆದದ್ದು. ನಮ್ಮ ಕಪ್ಪು, ಎಣ್ಣೆಗೆಂಪು ಮಕ್ಕಳಲ್ಲಿ ನಾಲಿಗೆ, ತುಟಿಯ ಒಳಭಾಗ, ಅಂಗೈ, ಅಂಗಾಲುಗಳನ್ನು ನೋಡಿಯೇ ತಿಳಿಯಬೇಕು.

ಕರ್ನಾಟಕದಲ್ಲಿ 2000ನೇ ಇಸವಿಯಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 57 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಅದು 19ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆ, ಲಸಿಕೆ, ಆಶಾ ಕಾರ್ಯಕರ್ತೆಯರು, ರಸ್ತೆ, ಆಂಬುಲೆನ್ಸ್ ಎಲ್ಲದರ ಪಾಲೂ ಇದರಲ್ಲಿದೆ. ಉಳಿದ ಸಾವುಗಳಲ್ಲಿ ಹೆಚ್ಚಿನವು ಹುಟ್ಟಿದ ಮೊದಲ ತಿಂಗಳಲ್ಲಿ ಆಗುವಂಥವು. ಅಪ್ಗಾರ್ ಅಂಕ ಐದು ನಿಮಿಷಕ್ಕೆ ಮುಗಿಯುತ್ತದೆ. ಆರನೆಯ ನಿಮಿಷದಿಂದ ಮಗುವನ್ನು ನೋಡುವವರು ಯಾರು?

ದೊಡ್ಡ ಆಸ್ಪತ್ರೆಗಳ ಶಿಶು ಘಟಕದಲ್ಲಿ ಯಂತ್ರಗಳು ನೋಡುತ್ತವೆ. ಆದರೆ ಪ್ರತಿಯೊಂದು ಯಂತ್ರಕ್ಕೂ ಒಂದೊಂದು ವೈರು. ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಪಟ್ಟಿ ಕೀಳುವಾಗ ಚರ್ಮವೇ ಕಿತ್ತುಬರುವುದುಂಟು. ವೈರುಗಳ ಜಾಲದಲ್ಲಿ ತಾಯಿ ಮಗುವನ್ನು ಎದೆಗವಚಿಕೊಳ್ಳುವುದೂ ಕಷ್ಟ. ಕಾಂಗರೂ ಆರೈಕೆ ಎನ್ನುವ ಈ ಎದೆಗವಚುವಿಕೆ ಕಡಿಮೆ ತೂಕದ ಮಕ್ಕಳಿಗೆ ಔಷಧಿಗೆ ಸಮ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಇದನ್ನು ವ್ಯಾಪಕವಾಗಿ ಜಾರಿಗೆ ತಂದು ನೋಡಿದ್ದಾರೆ.

2019ರಲ್ಲಿ ಅಮೆರಿಕಾದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ರೋಜರ್ಸ್ ಅವರ ತಂಡ ವೈರಿಲ್ಲದ ಸಂವೇದಕಗಳನ್ನು ಪ್ರಕಟಿಸಿತು. ಎರಡೇ ಎರಡು ಮೆತ್ತನೆಯ ತೆಳು ಪಟ್ಟಿಗಳು. ಎದೆಯ ಮೇಲಿನದು ಹೃದಯ ಬಡಿತವನ್ನು, ಉಸಿರನ್ನು ಗುರುತಿಸುತ್ತದೆ. ಪಾದಕ್ಕೆ ಸುತ್ತಿದ್ದು ಚರ್ಮದೊಳಗೆ ಬೆಳಕು ಹಾಯಿಸಿ ರಕ್ತದ ಆಮ್ಲಜನಕವನ್ನು ಅಳೆಯುತ್ತದೆ. ಎರಡರಲ್ಲೂ ಬ್ಯಾಟರಿ ಇರಲಿಲ್ಲ. ಹಾಸಿಗೆಯ ಕೆಳಗಿಟ್ಟ ಆಂಟೆನಾದಿಂದ ರೇಡಿಯೋ ಅಲೆಗಳ ಮೂಲಕವೇ ವಿದ್ಯುತ್ತು ಬಂದು, ಅದೇ ದಾರಿಯಲ್ಲಿ ಅಂಕಿಗಳು ಹಿಂತಿರುಗುತ್ತಿದ್ದವು. ಶಿಕಾಗೋದ ಆಸ್ಪತ್ರೆಗಳಲ್ಲಿ ಮಕ್ಕಳ ಮೇಲೆ ವೈರಿನ ಯಂತ್ರದ ಜೊತೆಜೊತೆಗೇ ಹೋಲಿಸಿ ನೋಡಿದರು. ಬಿಕ್ಕೋಡು ಸುತ್ತಮುತ್ತಲ ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಡಾನೆಯ ಕೊರಳಿಗೆ ಅರಣ್ಯ ಇಲಾಖೆಯವರು ರೇಡಿಯೋ ಕಾಲರ್ ಹಾಕಿ ಅದು ಎಲ್ಲಿದೆಯೆಂದು ದೂರದಿಂದಲೇ ತಿಳಿಯುವುದನ್ನು ಕೇಳಿದವರು ನಾವು. ವಿದ್ಯೆ ಅದೇ ಜಾತಿಯದು. ಕೊರಳಪಟ್ಟಿ ಆನೆಯದಾದರೆ ಇದು ಎರಡು ಕಿಲೋ ತೂಗದ ಕೂಸಿನದು.

ನಮ್ಮ ಬೆಂಗಳೂರಿನಲ್ಲಿಯೂ ಒಂದು ಪ್ರಯತ್ನ ನಡೆದಿದೆ. ರತುಲ್ ನಾರಾಯಣ್ ಎಂಬುವರ ಬೆಂಪು ಸಂಸ್ಥೆ ಕಡಿಮೆ ತೂಕದ ಮಕ್ಕಳ ಮಣಿಕಟ್ಟಿಗೆ ಕಟ್ಟುವ ಬಳೆಯನ್ನು ತಯಾರಿಸಿತು. ಮೈ ಬೆಚ್ಚಗಿದ್ದರೆ ನೀಲಿ ದೀಪ ಮಿನುಗುತ್ತದೆ, ತಣ್ಣಗಾದರೆ ಕಿತ್ತಳೆ ದೀಪ ಹೊತ್ತಿ ಸದ್ದು ಮಾಡುತ್ತದೆ. ಇದು ಎಲ್ಲಿಗೂ ಸಂದೇಶ ಕಳಿಸುವುದಿಲ್ಲ, ಪಕ್ಕದಲ್ಲಿ ಮಲಗಿದ ತಾಯಿಯನ್ನು ಎಬ್ಬಿಸುತ್ತದೆ ಅಷ್ಟೆ. 2017ರಲ್ಲಿ ಅಮೆರಿಕಾದ ಟೈಮ್ ಪತ್ರಿಕೆ ಆ ವರ್ಷದ ಉತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. ಜೂನ್, ಜುಲೈ ತಿಂಗಳ ಜಡಿಮಳೆಯಲ್ಲಿ ನಮ್ಮ ಕಡೆಯ ಮನೆಗಳು ಎಷ್ಟು ಥಂಡಿಯಿರುತ್ತವೆಂದು ಬಲ್ಲವರಿಗೆ ಇಂತಹ ಬಳೆಯ ಬೆಲೆ ತಿಳಿಯುತ್ತದೆ. ದೊಡ್ಡವರಿಗೆ ಹಿತವೆನಿಸುವ ತಂಪಿನಲ್ಲಿಯೂ ಎರಡು ಕಿಲೋ ಮಗುವಿನ ಮೈ ಬೇಗ ಆರಿಬಿಡುತ್ತದೆ.

ಇಂತಹ ಸಂವೇದಕಗಳು ಎಲ್ಲ ಹೆರಿಗೆ ಆಸ್ಪತ್ರೆಗಳಿಗೂ ಬಂದಿಲ್ಲ. ಬಂದರೂ, ಸದ್ದು ಕೇಳಿ ಎದ್ದು ಬರುವ ಒಬ್ಬರು ಬೇಕೇ ಬೇಕು. ಸದ್ಯಕ್ಕೆ ನಮ್ಮ ಹಳ್ಳಿಗಳಲ್ಲಿ ಆ ಒಬ್ಬರು ಆಶಾ ಕಾರ್ಯಕರ್ತೆ. 2011ರಲ್ಲಿ ಆರಂಭವಾದ ಗೃಹಾಧಾರಿತ ನವಜಾತ ಶಿಶು ಆರೈಕೆಯ ಪ್ರಕಾರ, ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಅವರು 3, 7, 14, 21, 28 ಮತ್ತು 42ನೆಯ ದಿನ ಬರಬೇಕು. ಅವರ ಚೀಲದಲ್ಲಿ ತೂಕದ ಮಾಪಕ, ಥರ್ಮಾಮೀಟರ್, ಒಂದು ಗಡಿಯಾರ ಇರುತ್ತವೆ. ಚಿಲ್ಲೆಯ ನಲವತ್ತು ದಿನ ಹೊರಗಿನವರು ಬಾಣಂತಿ ಕೋಣೆಗೆ ಬರಬಾರದೆಂದು ಅವರನ್ನು ಬಾಗಿಲಲ್ಲೇ ನಿಲ್ಲಿಸುವ ಮನೆಗಳು ಇನ್ನೂ ಇವೆ. ದಯವಿಟ್ಟು ಕೈ ತೊಳೆಯಲು ನೀರು ಕೊಟ್ಟು ಒಳಗೆ ಕರೆಯಿರಿ.

ಅವರಿಲ್ಲದ ದಿನಗಳಲ್ಲಿ ಈ ಲೆಕ್ಕವನ್ನು ಮನೆಯ ಓದುವ ಮಕ್ಕಳೇ ಮಾಡಬಹುದು. ಮಗು ಅಳದೆ ಮಲಗಿರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತಾ, ಪೂರ್ತಿ ಒಂದು ನಿಮಿಷ ಹೊಟ್ಟೆ ಎಷ್ಟು ಸಲ ಏಳುತ್ತದೆಂದು ಎಣಿಸಿ. ಎಳೆಗೂಸಿಗೆ ಮೂವತ್ತರಿಂದ ಅರವತ್ತರೊಳಗೆ ಇರುವುದು ಸರಿ. ಅರವತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಎರಡನೆಯ ಸಲವೂ ಹಾಗೆಯೇ ಬಂದರೆ, ಅಥವಾ ಪಕ್ಕೆ ಒಳಗೆಳೆದುಕೊಳ್ಳುತ್ತಿದ್ದರೆ, ಪಾದ ಹೊಟ್ಟೆ ಎರಡೂ ತಣ್ಣಗಿದ್ದರೆ, ಹಾಲು ಕುಡಿಯುವುದನ್ನು ಬಿಟ್ಟಿದ್ದರೆ, ಬೆಳಗಾಗಲೆಂದು ಕಾಯದೆ ಮಗುವನ್ನು ತಾಯಿಯ ಎದೆಗೆ ಅಂಟಿಸಿ, ಮೇಲೆ ಕಂಬಳಿ ಹೊದಿಸಿ, 108ಕ್ಕೆ ಕರೆ ಮಾಡಿ.